ಅಭಿಮಾನಿ ದೊಡ್ಡವನೋ, ರಸಿಕ ದೊಡ್ಡವನೋ?

ಪ್ರೀತಿಯ ಗೆಳೆಯ,

‘ಅಭಿಮಾನಿ ಅಂದ್ರೆ ಸರಿಯಾಗಿ ಏನಯ್ಯ?’ ಅಂತ ಫೋನಲ್ಲಿ ಕೇಳಿದ್ದೆಯಲ್ಲ, ಬಸ್ಸಿನ ಗಲಾಟೆಯಲ್ಲಿ ಹೇಳೋಕೆ ಆಗಲಿಲ್ಲ. ಈಗ ಬರೀತಿದೀನಿ, ಓದ್ಕೋ.

ಸಂಸ್ಕೃತದಲ್ಲಿ ಅಭಿಮಾನ ಅಷ್ಟೇನೂ ಮರ್ಯಾದಸ್ಥ ಮಾತಲ್ಲ ಕಣೋ. ಅಭಿಮಾನವೇ ಅಹಂಕಾರ ಅಂತ ಸಾಂಖ್ಯ ದರ್ಶನದ ಹಳೇ ಗ್ರಂಥ ಸಾಂಖ್ಯಕಾರಿಕೆ ನೇರವಾಗಿ ಹೇಳಿಬಿಡುತ್ತೆ. ‘ನಾನು, ನನ್ನದು’ ಅಂತ ಅಂಟಿಸಿಕೊಳ್ಳೋದು ಅಂತಲೇ ಅರ್ಥ. ವೇದಾಂತಿಗಳು ಅಗ್ನಿಗೊಬ್ಬ, ಜಲಕ್ಕೊಬ್ಬ ‘ಅಭಿಮಾನಿ ದೇವತೆ’ ಅಂತಾರಲ್ಲ, ಅಲ್ಲೂ ಅಷ್ಟೇ, ಅದನ್ನ ತನ್ನದು ಅಂತ ವಹಿಸಿಕೊಂಡವನು. ಕನ್ನಡಕ್ಕೆ ಬರೋ ಹೊತ್ತಿಗೆ ಸೊಕ್ಕು ಕರಗಿ ಮಮತೆ ಮೇಲೆ ಬಂತು. ಆದರೂ ಕಟೌಟಿಗೆ ಹಾಲು ಸುರಿಯೋ ಹುಡುಗ ‘ನಮ್ ಬಾಸು’ ಅಂತಾನೆ ನೋಡು, ಆ ‘ನಮ್’ನಲ್ಲಿ ಹಳೇ ಅರ್ಥ ಗಟ್ಟಿಯಾಗಿ ಕೂತಿದೆ.

ಇಂಗ್ಲಿಷಿನ ಫ್ಯಾನ್ ಬಂದಿದ್ದು ಗುಡಿಯಿಂದ. ಲ್ಯಾಟಿನ್ನಲ್ಲಿ ಫಾನುಮ್ ಅಂದ್ರೆ ಗುಡಿ, ಅಲ್ಲಿ ಮೈಮೇಲೆ ದೇವರು ಬಂದವನಂತೆ ಆಡೋನು ಫನಾಟಿಕುಸ್. ಅದು ಇಂಗ್ಲಿಷಿನಲ್ಲಿ ಫನಾಟಿಕ್ ಆಗಿ, ಬಾಲ ಕತ್ತರಿಸಿಕೊಂಡು, 19ನೇ ಶತಮಾನದ ಕೊನೆಗೆ ಅಮೆರಿಕದ ಬೇಸ್‌ಬಾಲ್ ಮೈದಾನದಲ್ಲಿ ಚಾಲ್ತಿಗೆ ಬಂತು. ಅಲ್ಲಿ ಫ್ಯಾನ್ ಭಕ್ತ. ನಮ್ಮಲ್ಲಿ ರಾಜ್‌ಕುಮಾರ್ ಅದನ್ನ ತಿರುಗಿಸಿ ಹಾಕಿದ್ರು, ‘ಅಭಿಮಾನಿ ದೇವರುಗಳು’ ಅಂತ ಜನಕ್ಕೇ ಕೈಮುಗಿದ್ರು. ನಾಟಕದ ಮಂದಿಗೆ ಆ ಬುದ್ಧಿ ಸಹಜ ಬಿಡು. 1884ರಲ್ಲಿ ಹುಟ್ಟಿದ ನಮ್ಮ ಗುಬ್ಬಿ ನಾಟಕ ಕಂಪನಿಯ ನೆರಳಲ್ಲೇ ಬೆಳೆದವರು ಅವರು. ಟಿಕೆಟ್ ಕೊಂಡು ಬಂದವನು ಎದ್ದುಹೋದ್ರೆ ರಾತ್ರಿ ಊಟ ಇಲ್ಲ ಅನ್ನೋದು ಕಂಪನಿಯವರಿಗೆ ಗೊತ್ತು.

ನನಗೆ ಇಷ್ಟವಾದ ಮಾತು ಮಾತ್ರ ರಸಿಕ. ರಸ ಅಂದ್ರೆ ರುಚಿ, ಸವಿಯೋ ನಾಲಿಗೆ ಇರೋನು ರಸಿಕ. ಕನ್ನಡದಲ್ಲಿ ಪಾಪ ಆ ಪದ ಕೆಟ್ಟಿದೆ, ‘ಭಾರೀ ರಸಿಕ ಕಣಯ್ಯ ನೀನು’ ಅಂದ್ರೆ ಕೇಳಿದವರು ಬೇರೇನೋ ಅಂದ್ಕೊಂಡು ಕಣ್ಣು ಹೊಡೀತಾರೆ. ನಿಮ್ಮ ಕೆಜಿಎಫ್‌ನ ತಮಿಳರಿಗೆ ಆ ತಾಪತ್ರಯ ಇಲ್ಲ, ಅವರಿಗೆ ಸಿನಿಮಾ ಅಭಿಮಾನಿಯೇ ರಸಿಗರ್, ಸಂಘವೇ ರಸಿಗರ್ ಮನ್ರಂ.

ಹೋದ ಬೇಸಿಗೆ ಗುಬ್ಬಿ ಕಡೆ ಒಂದು ಹಳ್ಳೀಲಿ ಕುರುಕ್ಷೇತ್ರ ನಾಟಕ ನೋಡಿದೆ. ದುರ್ಯೋಧನನ ಪಾರ್ಟು ಊರಿನ ಹಾಲಿನ ಡೈರಿಯವನದ್ದು. ಕಿರೀಟ ಬಿಗಿಯಾಗಿತ್ತೋ ಏನೋ, ಹಣೆ ಮೇಲಿನ ಬಣ್ಣ ಬೆವರಿಗೆ ಇಳೀತಿತ್ತು. ಅವನ ಕಡೆಯವರು ನೋಟಿನ ಹಾರ ಹಾಕಿದ್ರು, ಸೀಟಿ ಹೊಡೆದ್ರು. ಅವರು ಅಭಿಮಾನಿಗಳು, ಅವನು ಹೇಗೆ ಹಾಡಿದ್ರೂ ಸೀಟಿ ಹೊಡೀತಿದ್ರು. ಪಕ್ಕದಲ್ಲಿ ತಲೆಗೆ ಟವೆಲ್ ಸುತ್ತಿದ್ದ ಅಜ್ಜ ಸುಮ್ಮನೆ ಬೀಡಿ ಸೇದ್ತಿದ್ದ. ಅಪಶ್ರುತಿ ಬಂದಾಗ ಮುಖ ಹುಳ್ಳಗೆ ಮಾಡ್ತಿದ್ದ. ನಡುರಾತ್ರಿ ದಾಟಿದ ಮೇಲೆ ಕರ್ಣನ ಪಾರ್ಟಿನ ಹುಡುಗ ಒಂದು ಕಂದಪದ್ಯ ಎತ್ತಿಕೊಂಡ. ಅಜ್ಜ ಬೀಡಿ ಎಸೆದು, ಎದ್ದು ನಿಂತು, ‘ಒನ್ಸ್ ಮೋರ್!’ ಅಂತ ಕೂಗಿದ. ಹಾರ್ಮೋನಿಯಂ ಮೇಷ್ಟ್ರು ನಕ್ಕು ಮತ್ತೆ ಶ್ರುತಿ ಹಿಡಿದ್ರು. ಆ ಕರ್ಣ ಅಜ್ಜನ ಊರಿನವನೂ ಅಲ್ಲ, ನೆಂಟನೂ ಅಲ್ಲ.

ಹಾಗಂತ ಸೀಟಿ ಹೊಡೆಯೋರನ್ನ ನಾನು ಜರಿಯೋದಿಲ್ಲ. ಅವರಿಲ್ಲದೆ ಸೀನರಿಯವನ ಬಾಡಿಗೆ ಕೊಡೋರು ಯಾರು?

ನಿಮ್ಮ ಕಡೆ ಹಳೇ ರಸಿಗರ್ ಮನ್ರಂ ಬೋರ್ಡು ಎಲ್ಲಾದ್ರೂ ಉಳಿದಿದ್ರೆ ಒಂದು ಫೋಟೋ ತೆಗೆದು ಕಳ್ಸು. ಅಮ್ಮನ್ನ ಕೇಳಿದೆ ಅಂತ ಹೇಳು.

ಇಂತಿ ನಿನ್ನ,
ತುಮಕೂರಿನ ಗೆಳೆಯ