ತಿರಸ್ಕರಿಸುವ ವ್ಯವಸ್ಥೆಯೇ ದಾರಿಯನ್ನೂ ತೋರಿಸಲಿ

ಮಾನ್ಯ ಸಂಪಾದಕರೇ,

ಯುರೋಪಿನಲ್ಲಿ ವಿಮಾನಗಳು ತಡವಾದಾಗ ಮುಷ್ಕರ, ಹವಾಮಾನ, ಸಿಬ್ಬಂದಿ ಕೊರತೆಗಳ ಸುದ್ದಿ ಬರುತ್ತದೆ. ವಿಮಾನ ನೆಲ ಬಿಡುವ ಮೊದಲೇ ಅದರ ದಾರಿಯನ್ನು ಕಟ್ಟಿಹಾಕುವ ನಿಯಮಗಳ ಬಗ್ಗೆ ನಮ್ಮಲ್ಲಿ ಚರ್ಚೆಯಾಗಿದ್ದು ಕಡಿಮೆ.

ಅಲ್ಲಿ ಉಪಕರಣ ನಿಯಮಗಳಡಿ, ಅಂದರೆ ಕಣ್ಣಳತೆಯ ಬದಲು ಉಪಕರಣಗಳನ್ನು ನಂಬಿ, ಹಾರುವ ನಾಗರಿಕ ವಿಮಾನಗಳ ಹಾರಾಟ ಯೋಜನೆಗಳೆಲ್ಲ ಯುರೋಪಿನ ವಾಯುಸಂಚಾರವನ್ನು ಸಮನ್ವಯಗೊಳಿಸುವ ಯುರೋಕಂಟ್ರೋಲ್ ಸಂಸ್ಥೆಯ ಕೇಂದ್ರ ವ್ಯವಸ್ಥೆಗೆ ಹೋಗುತ್ತವೆ. ಬ್ರಸೆಲ್ಸ್‌ನ ಹಾರೆನ್ ಮತ್ತು ಪ್ಯಾರಿಸ್ ಸಮೀಪದ ಬ್ರೆಟಿನ್ಯಿ, ಈ ಎರಡು ಘಟಕಗಳಲ್ಲಿ ಅವುಗಳ ಪರಿಶೀಲನೆ ನಡೆಯುತ್ತದೆ. ಯಾವ ಮಾರ್ಗ, ಯಾವ ಎತ್ತರ, ಯಾವ ಹೊತ್ತಿನಲ್ಲಿ ಯಾರಿಗೆ ಮುಕ್ತ ಎಂಬುದನ್ನು ಹೇಳುವ ಮಾರ್ಗ ಲಭ್ಯತಾ ದಾಖಲೆ 28 ದಿನಗಳಿಗೊಮ್ಮೆ ನವೀಕರಣಗೊಳ್ಳುತ್ತದೆ.

ಈ ನಿಯಮಗಳು ಅನಗತ್ಯವೆಂದು ನಾನು ಹೇಳುತ್ತಿಲ್ಲ. ಬೆಲ್ಜಿಯಂ, ನೆದರ್ಲ್ಯಾಂಡ್ಸ್, ಲಕ್ಸೆಂಬರ್ಗ್ ಮತ್ತು ವಾಯವ್ಯ ಜರ್ಮನಿಯ ಮೇಲೆ 24,500 ಅಡಿಗಿಂತ ಎತ್ತರದ ಸಂಚಾರವನ್ನು ಮಾಸ್ಟ್ರಿಕ್ಟ್‌ನ ವಾಯುಸಂಚಾರ ನಿಯಂತ್ರಣ ಕೇಂದ್ರವೊಂದೇ ನೋಡಿಕೊಳ್ಳುತ್ತದೆ. ಹತ್ತಿರದ ಎರಡು ಊರುಗಳ ನಡುವಿನ ವಿಮಾನವೊಂದು ಕೆಲವೇ ನಿಮಿಷಗಳಿಗಾಗಿ ಆ ಎತ್ತರಕ್ಕೆ ಏರಿ ಇಳಿದರೆ, ನಿಯಂತ್ರಕರು ಅದನ್ನು ಎರಡು ಬಾರಿ ಒಬ್ಬರಿಂದೊಬ್ಬರಿಗೆ ಹಸ್ತಾಂತರಿಸಬೇಕಾಗುತ್ತದೆ. ಅಂಥ ವಿಮಾನಗಳಿಗೆ ಎತ್ತರದ ಮಿತಿ ಹಾಕುವುದು ನ್ಯಾಯವೇ. ಲಿಸ್ಬನ್ ವಾಯುಪ್ರದೇಶದಲ್ಲಿ 2009ರಲ್ಲಿ ಆರಂಭವಾದ, ನಿಗದಿತ ಮಾರ್ಗಗಳ ಬದಲು ತಾವೇ ದಾರಿ ಆರಿಸಿಕೊಳ್ಳಲು ಬಿಡುವ ಮುಕ್ತ ಮಾರ್ಗ ಪದ್ಧತಿ ಇಂದು ಖಂಡದ ಬಹುಭಾಗಕ್ಕೆ ಹಬ್ಬಿದ್ದರೂ ಇಂಥ ನಿರ್ಬಂಧಗಳು ಪೂರ್ತಿ ಮಾಯವಾಗಿಲ್ಲ.

ನನ್ನ ಆಕ್ಷೇಪ ಇರುವುದು ತಿರಸ್ಕಾರದ ರೀತಿಗೆ. ಯೋಜನೆ ನಿಯಮಕ್ಕೆ ಹೊಂದದಿದ್ದರೆ ಪೈಲಟ್‌ಗೆ ಬರುವ ಉತ್ತರದಲ್ಲಿ ಒಂದು ದೋಷ ಸಂಖ್ಯೆ, ನಿಷೇಧಿತ ಮಾರ್ಗವೆಂಬ ಒಕ್ಕಣೆ ಮತ್ತು ಆ ನಿಯಮದ ಗುರುತು ಇರುತ್ತವೆ. ಗುರುತು ಎಲ್‌ಎಫ್ ಎಂದು ಆರಂಭವಾದರೆ ಅದು ಫ್ರಾನ್ಸಿನ ನಿಯಮ, ಇಡಿ ಎಂದಿದ್ದರೆ ಜರ್ಮನಿಯದು. ಒಂದನ್ನು ತಪ್ಪಿಸಲು ದಾರಿ ಬದಲಿಸಿದರೆ ಮತ್ತೊಂದು ನಿಯಮ ಅಡ್ಡ ಬರಬಹುದು. ದೊಡ್ಡ ವಿಮಾನಯಾನ ಕಂಪನಿಗಳಿಗೆ ಇದನ್ನು ಬಿಡಿಸಲು ದುಬಾರಿ ತಂತ್ರಾಂಶವಿದೆ, ಹಗಲಿರುಳು ಕೂರುವ ಸಿಬ್ಬಂದಿಯಿದ್ದಾರೆ. ಸಣ್ಣ ವಿಮಾನದ ಖಾಸಗಿ ಪೈಲಟ್ ಒಬ್ಬನೇ ಈ ಗೋಜಲಿನಲ್ಲಿ ತಡಕಾಡಬೇಕು.

ಸಹಾಯ ಇಲ್ಲವೇ ಇಲ್ಲ ಎನ್ನಲಾಗದು. ಯೋಜನೆಯನ್ನು ಮುಂಚಿತವಾಗಿ ಪರೀಕ್ಷಿಸಿ ನೋಡುವ ಸೌಲಭ್ಯವಿದೆ. ಮಾರ್ಗ ಬದಲಾವಣೆಗೆ ಒಪ್ಪಿಗೆಯಿದೆ ಎಂದು ಷರಾ ಬರೆದರೆ ಯುರೋಕಂಟ್ರೋಲ್ ಕೇಂದ್ರ ವ್ಯವಸ್ಥೆಯ ಸಿಬ್ಬಂದಿಯೇ ದಾರಿಯನ್ನು ತಿದ್ದಿ ಕೊಡಬಲ್ಲರು, ಮತ್ತು ಈ ಸೇವೆ ನಿಜಕ್ಕೂ ಮೆಚ್ಚತಕ್ಕದ್ದು. ಆದರೂ ನಿಯಮಗಳೆಲ್ಲವನ್ನೂ ತನ್ನೊಳಗೆ ಇಟ್ಟುಕೊಂಡ ಗಣಕವೇ ತಿರಸ್ಕರಿಸುತ್ತಿರುವಾಗ, ಒಪ್ಪಿಗೆಯಾಗುವ ಮಾರ್ಗವೊಂದನ್ನು ಅದೇ ಉತ್ತರದಲ್ಲಿ ತಾನಾಗಿಯೇ ಸೂಚಿಸುವುದು ಅದರ ಕರ್ತವ್ಯವಾಗಬೇಕು. ಆ ಸೂಚನೆಯಲ್ಲಿ ಎತ್ತರವೂ ಹೆಚ್ಚುವರಿ ದೂರವೂ ಸ್ಪಷ್ಟವಾಗಿರಲಿ. ಎಷ್ಟು ಇಂಧನ ತುಂಬಿಸಬೇಕೆಂದು ತೀರ್ಮಾನಿಸಲು ಪೈಲಟ್‌ಗೆ ಆ ಎರಡೂ ಗೊತ್ತಿರಬೇಕು.

ಇತಿ,
ತಮ್ಮ ಪತ್ರಿಕೆಯ ಓದುಗ