ಆನ್ ಆರ್ಬರ್‌ನ ನಮ್ಮ ಜನಕ್ಕೆ ಥ್ಯಾಂಕ್ಸ್

ಎಲ್ರಿಗೂ ನಮಸ್ಕಾರ. ಕಳೆದ ಶನಿವಾರ ನಮ್ಮಿಬ್ರ ಮದುವೆ ಆಯ್ತು. ಫೋನ್ ಮಾಡಿದವ್ರಿಗೆ, ಮೆಸೇಜ್ ಹಾಕಿದವ್ರಿಗೆಲ್ಲ ಒಬ್ಬೊಬ್ರಿಗೂ ಉತ್ತರ ಕೊಡೋಕೆ ಆಗ್ತಿಲ್ಲ, ಅದಕ್ಕೆ ಇಲ್ಲೇ ಬರೀತಿದೀನಿ.

ಎರಡು ವರ್ಷದ ಹಿಂದೆ, ನಾನು ಗೇ ಅಂತ ಹಾಸನದಲ್ಲಿರೋ ಅಮ್ಮಂಗೆ ಹೇಳಿದ್ಮೇಲೆ ನಾಲ್ಕು ತಿಂಗಳು ಮನೆಯಿಂದ ಒಂದು ಫೋನ್ ಇಲ್ಲ. ಅಮೆರಿಕದ ಮಿಶಿಗನ್ ರಾಜ್ಯದಲ್ಲಿರೋ ಈ ಊರಿನ ಚಳಿ, ಸಂಜೆ ಐದೂವರೆಗೆಲ್ಲ ಕತ್ತಲು, ಒಲೆ ಹಚ್ಚೋಕೂ ಮನಸ್ಸಿಲ್ಲ. ಆಗ ಪಕ್ಕದ ಬೀದಿಯ ಕನ್ನಡದ ಆಂಟಿ ಒಬ್ರು ಸ್ಟೀಲ್ ಡಬ್ಬೀಲಿ ಮುದ್ದೆ, ಹುರುಳಿಕಾಳು ಬಸ್ಸಾರು ಹಾಕ್ಕೊಂಡು, ಆರಬಾರ್ದು ಅಂತ ಟವೆಲ್ ಸುತ್ತಿ, ಆ ಹಿಮದಲ್ಲಿ ನಡ್ಕೊಂಡು ಬಂದ್ರು. "ಮೊದ್ಲು ಊಟ ಮಾಡಪ್ಪ" ಅಂದ್ರು ಅಷ್ಟೇ. ಊಟ ಆದ್ಮೇಲೂ ಏನೂ ಕೇಳ್ಲಿಲ್ಲ, ಡಬ್ಬಿ ತೊಳ್ಕೊಂಡು ಹೋದ್ರು. ಆ ಚಳಿಗಾಲ ಪೂರ್ತಿ ಭಾನುವಾರ ಬಂತು ಅಂದ್ರೆ ಡಬ್ಬಿ ಬರ್ತಿತ್ತು. ಆಂಟಿ, ನಿಮ್ಮ ಋಣ ತೀರಿಸೋಕೆ ನನ್ನಿಂದ ಆಗಲ್ಲ.

ಆಮೇಲೆ ಇಲ್ಲಿನ ಹಿರಿಯರು. ನಮ್ಮೂರು ದೊಡ್ಡ ಸಿಟಿ ಅಲ್ಲ, ಆದ್ರೆ ಇಲ್ಲಿ ಆಗಿರೋ ಕೆಲಸ ಸಣ್ಣದಲ್ಲ. ಜಿಮ್ ಟಾಯ್ 1970ರಲ್ಲಿ ಡೆಟ್ರಾಯ್ಟ್‌ನ ಯುದ್ಧ ವಿರೋಧಿ ಸಭೇಲಿ ಮೈಕ್ ಹಿಡಿದು ನಾನು ಗೇ ಅಂತ ಎಲ್ಲರೆದುರು ಹೇಳಿದ್ರು. ಮಾರನೇ ವರ್ಷ ಇಲ್ಲಿನ ಯೂನಿವರ್ಸಿಟೀಲಿ ನಮ್ಮಂಥ ವಿದ್ಯಾರ್ಥಿಗಳಿಗೆ ಅಂತಲೇ ಒಂದು ಆಫೀಸ್ ಶುರುವಾಯ್ತು, ಅದನ್ನ ಕಟ್ಟಿದವ್ರಲ್ಲಿ ಅವ್ರೂ ಒಬ್ರು. 1974ರಲ್ಲಿ ಕ್ಯಾಥಿ ಕೊಜಚೆಂಕೊ ಅನ್ನೋ 21 ವರ್ಷದ ಹುಡುಗಿ, ತಾನು ಲೆಸ್ಬಿಯನ್ ಅಂತ ಮುಚ್ಚಿಡದೇ ನಿಂತು ಸಿಟಿ ಕೌನ್ಸಿಲ್ ಎಲೆಕ್ಷನ್ ಗೆದ್ಲು, ಹಾಗೆ ಗೆದ್ದವ್ರು ಇಡೀ ಅಮೆರಿಕದಲ್ಲಿ ಅವಳೇ ಮೊದಲು! ಈ ಕಥೆ ಎಲ್ಲಾ ನಂಗೆ ಹೇಳಿದ್ದು ಇಲ್ಲಿನ ಒಬ್ಬ ಅಜ್ಜ. ಅವ್ರೂ ಅವ್ರ ಗಂಡನೂ 2014ರ ಮಾರ್ಚ್ 22ರ ಶನಿವಾರ ಬೆಳಗ್ಗೆ ಮದುವೆ ಲೈಸೆನ್ಸ್ ಕೊಡೋ ಕ್ಲರ್ಕ್ ಆಫೀಸ್ ಮುಂದೆ ಕ್ಯೂ ನಿಂತವ್ರು. ಮಿಶಿಗನ್‌ನಲ್ಲಿ ಗಂಡು ಗಂಡು, ಹೆಣ್ಣು ಹೆಣ್ಣು ಮದುವೆ ಆಗಬಹುದು ಅಂತ ಹಿಂದಿನ ಸಂಜೆ ತಾನೇ ಜಡ್ಜ್ ತೀರ್ಪು ಕೊಟ್ಟಿದ್ರು, ರಾಜ್ಯದಲ್ಲಿ 300ಕ್ಕೂ ಹೆಚ್ಚು ಜೋಡಿ ಅವತ್ತು ಮದುವೆ ಆಗಿದ್ದು, ಸಂಜೆ ಹೊತ್ತಿಗೆ ಮೇಲಿನ ಕೋರ್ಟಿಂದ ತಡೆ ಬಂತು. ಇಂಥ ಮದುವೆ ಇಡೀ ದೇಶದಲ್ಲಿ ಆಗಬಹುದು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2015ರ ಜೂನ್‌ನಲ್ಲಿ. ಅಷ್ಟು ದಿನ ಆ ಸರ್ಟಿಫಿಕೇಟನ್ನ ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ಬೀರುವಲ್ಲಿ ಇಟ್ಟಿದ್ರಂತೆ. ನಮ್ಮ ಮದುವೆಗೆ ಸಾಕ್ಷಿ ಸಹಿ ಹಾಕಿದ್ದು ಅವರಿಬ್ರೇ, ಅಜ್ಜನ ಕೈ ನಡುಗ್ತಿತ್ತು, ಗಂಡ ಪೇಪರ್ ಹಿಡ್ಕೊಂಡಿದ್ರು.

ಜಿಮ್ ಟಾಯ್ 2022ರ ಜನವರಿ 1ಕ್ಕೆ ತೀರ್ಕೊಂಡ್ರು, 91 ವರ್ಷ. ಅವ್ರನ್ನ ಒಂದ್ಸಲ ನೋಡಿ ಥ್ಯಾಂಕ್ಸ್ ಹೇಳೋ ಭಾಗ್ಯ ನಂಗೆ ಸಿಗ್ಲಿಲ್ಲ, ಇಲ್ಲೇ ಹೇಳ್ತೀನಿ.

ಮದುವೆ ದಿನ ಅಮ್ಮ ವಿಡಿಯೋ ಕಾಲ್ ಮಾಡಿದ್ರು. ಸುಮಾರು ಹೊತ್ತು ಇಬ್ರನ್ನೂ ನೋಡ್ತಾ ಕೂತಿದ್ರು. ಕೊನೆಗೆ ಕೇಳಿದ್ದು, ಅವ್ನಿಗೆ ಮುದ್ದೆ ನುಂಗೋಕೆ ಬರುತ್ತೇನೋ ಅಂತ. ಬರುತ್ತಮ್ಮ, ಆಂಟಿ ಕಲಿಸಿದಾರೆ ಅಂದೆ.