ನಾಳೆ ಕೊಳವೆಬಾವಿ ನೀರಿನ ಪರೀಕ್ಷೆ

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆ 7 ಗಂಟೆಗೆ ನೀರಿನ ಟ್ಯಾಂಕ್ ಬಳಿ, ತರಬೇತಿ ಪಡೆದ ನಮ್ಮೂರಿನ ಮಹಿಳೆಯರು ಕಿಟ್ ಬಳಸಿ ನೀರು ಪರೀಕ್ಷಿಸುತ್ತಾರೆ.

ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನಕ ಐಎಸ್ 10500ರ ಪ್ರಕಾರ ಲೀಟರಿಗೆ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಜಲಮೂಲವೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ನೈಟ್ರೇಟ್ 45 ದಾಟಬಾರದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ದಯವಿಟ್ಟು ಇದನ್ನು ಮನೆಯ ಹಿರಿಯರಿಗೆ ತಿಳಿಸಿ.

ನಲ್ಲಿ ನೀರು ಕೊಡುವವರಿಗೆ ಈ ಮಾನಕ ಕಾನೂನಿನಂತೆ ಕಡ್ಡಾಯವಲ್ಲ ಎಂಬುದೇ ನನ್ನ ಸಂಕಟ. ಹಾಗಾಗಿ ಮಿತಿ ಮೀರಿದ್ದು ಕಂಡರೆ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿ, ವರದಿ ಲಗತ್ತಿಸಿ ಪಿಡಿಒ ಅವರಿಗೆ ಲಿಖಿತ ಅರ್ಜಿ ಕೊಡೋಣ; ಸ್ವೀಕೃತಿ ಪಡೆಯದೆ ಹಿಂತಿರುಗುವುದು ಬೇಡ. ಮನೆಗೊಬ್ಬರಾದರೂ ಬನ್ನಿ.